ಹಳೆ ಕಾರ್ಡಿನಲ್ಲಿ ಅಕ್ಕ ಓಡಿಸಿದ ಕಾರು

ಅಕ್ಕನ ಬಲಗಾಲಿಗೆ ಪ್ಲಾಸ್ಟರ್ ಹಾಕಿ ಮೂರು ವಾರವಾಗಿತ್ತು. ಅವಳು ಕಮ್ಮರಡಿ ಹತ್ತಿರ ಸ್ಕೂಲ್ ಟೀಚರ್. ಒಂದು ಶನಿವಾರ ಮಧ್ಯಾಹ್ನ ನಾನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಬರುತ್ತಿದ್ದಾಗ ತಿರುವಿನಲ್ಲಿ ಬಿದ್ದಿದ್ದೆವು. ನನಗೆ ಮೊಣಕೈ ತರಚಿತ್ತು, ಅಷ್ಟೆ. ನಾಯಿ ಅಡ್ಡ ಬಂತು ಅಂತ ಎಲ್ಲರಿಗೂ ಹೇಳಿದ್ದೆ.

ಕೊಪ್ಪದ ನಮ್ಮ ಮನೆಯಲ್ಲಿ ಎದುರಿಗೆ ಅಮ್ಮನ ಟೈಲರಿಂಗ್ ಅಂಗಡಿ, ಹಿಂದೆ ಶೀಟಿನ ಮಾಡಿನ ಒಂದೇ ಕೋಣೆ. ಆ ಕೋಣೆಯಲ್ಲಿ ಅಕ್ಕನ ಮಂಚ, ಪಕ್ಕದಲ್ಲಿ ನನ್ನ ಕಂಪ್ಯೂಟರ್. ಅರ್ಜಿ, ಲಗ್ನಪತ್ರಿಕೆ ಟೈಪ್ ಮಾಡಿಕೊಡುತ್ತಿದ್ದ ಕಾಲ ಅದು. ಬಿಡುವಿದ್ದಾಗ ಗೇಮ್ ಆಡುತ್ತಿದ್ದೆ. ನರಸಿಂಹರಾಜಪುರದ ಸ್ನೇಹಿತನೊಬ್ಬ ಹೊಸ ಕಾರ್ ರೇಸಿನ ಸಿಡಿ ಕೊಟ್ಟಿದ್ದ. ತೆರೆಯ ಮೇಲೆ ಚಿತ್ರ ಮೂಡಿಸಲು ಅದು ಬೇಡುತ್ತಿದ್ದ ಗ್ರಾಫಿಕ್ಸ್ ಕಾರ್ಡೇ ಬೇರೆ, ನನ್ನ ಬಳಿ ಇದ್ದದ್ದೇ ಬೇರೆ. ನನ್ನದು ಯಾರೋ ಬಳಸಿ ಬಿಟ್ಟ ಹಳೇ ಮಾಲು, ಅದರ ಪುಟ್ಟ ಫ್ಯಾನು ತಿರುಗುವಾಗ ಕರಕರ ಅನ್ನುತ್ತಿತ್ತು. ನೆರಳು, ಪ್ರತಿಬಿಂಬ, ಮರ, ಲೈಟು ಕಂಬ ಎಲ್ಲ ಆಫ್ ಮಾಡಿ, ಚಿತ್ರವನ್ನು ಅತಿ ಚಿಕ್ಕದಕ್ಕೆ ಇಳಿಸಿದ ಮೇಲೆ ಗೇಮು ಹೇಗೋ ಓಡಿತು. ರಸ್ತೆ ಹಿಸುಕಿದ ಮಣ್ಣಿನ ಹಾಗೆ ಕಾಣುತ್ತಿತ್ತು. ತಿರುವು ಬಂದರೆ ಸಾಕು, ಚಿತ್ರ ಅರ್ಧ ಸೆಕೆಂಡು ನಿಂತುಬಿಡುತ್ತಿತ್ತು. ಮತ್ತೆ ಚಲಿಸುವ ಹೊತ್ತಿಗೆ ಕಾರು ಗೋಡೆಯಲ್ಲಿರುತ್ತಿತ್ತು.

"ಕೊಡು ಇಲ್ಲಿ, ನಾನು ನೋಡ್ತೀನಿ" ಅಂದಳು ಅಕ್ಕ ಒಂದು ದಿನ, ಬೇಜಾರಿಗೆ.

ನಾನು ಮೇಜನ್ನು ಮಂಚದ ಹತ್ತಿರಕ್ಕೆ ಎಳೆದೆ. ವಾರದಲ್ಲಿ ಅವಳು ನನ್ನನ್ನು ಮೀರಿಸಿದಳು. ಎಲ್ಲಿ ಚಿತ್ರ ನಿಲ್ಲುತ್ತದೆ ಎನ್ನುವುದನ್ನು ಬಾಯಿಪಾಠ ಮಾಡಿಕೊಂಡಿದ್ದಳು. ತಿರುವು ಕಾಣುವ ಮೊದಲೇ ಬೆರಳು ಒತ್ತುತ್ತಿದ್ದಳು. "ಕಂಡ ಮೇಲೆ ತಿರುಗಿಸಿದ್ರೆ ಮುಗೀತು ಮಾರಾಯ" ಅನ್ನುತ್ತಿದ್ದಳು. ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ಪ್ರತಿ ತಿರುವಿಗೂ ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು.

ಮೂರನೇ ವಾರದ ಭಾನುವಾರ ಹನ್ನೊಂದು ಗಂಟೆಗೇ ಶೀಟು ಕಾದು ಕೋಣೆ ಬೇಯುತ್ತಿತ್ತು. ಏಳು ಸುತ್ತಿನ ರೇಸು. ಗೆದ್ದರೆ ಮುಂದಿನ ಊರು ತೆರೆಯುತ್ತದೆ. ಸೋತರೆ ಅಥವಾ ನಡುವೆ ನಿಂತರೆ ಮೊದಲಿನಿಂದ. ಕಾರ್ಡು ಹದಿನೈದು ನಿಮಿಷಕ್ಕಿಂತ ಹೆಚ್ಚು ತಾಳುತ್ತಿರಲಿಲ್ಲ. ಸಿಪಿಯು ಡಬ್ಬದ ಮುಚ್ಚಳ ತೆಗೆದು, ಟೇಬಲ್ ಫ್ಯಾನನ್ನು ಅದರ ಹೊಟ್ಟೆಗೇ ತಿರುಗಿಸಿಟ್ಟೆ. ಅಂಗಡಿಯಲ್ಲಿ ಅಮ್ಮನ ಹೊಲಿಗೆ ಮಷೀನು ಸದ್ದು ಮಾಡುತ್ತಿತ್ತು.

ನಾಲ್ಕನೇ ಸುತ್ತಿನಲ್ಲಿ ಆಕಾಶದ ತುಂಬ ಗುಲಾಬಿ ಚುಕ್ಕೆ ಎದ್ದವು.

"ಅಕ್ಕ, ನಿಲ್ಸು. ಕಾರ್ಡ್ ಸುಟ್ರೆ ಸೋಮವಾರ ಒಂದಕ್ಷರ ಟೈಪ್ ಮಾಡಕ್ಕಾಗಲ್ಲ."

"ಎರಡನೇ ಸ್ಥಾನದಲ್ಲಿದೀನಿ. ಸುಮ್ನಿರು."

ಕೈಯನ್ನು ಕಾರ್ಡಿನ ಹತ್ತಿರ ಹಿಡಿದೆ. ಕಾದ ಕಾವಲಿಯ ಹತ್ತಿರ ಹಿಡಿದ ಹಾಗಾಯಿತು. ಐದನೇ ಸುತ್ತಿಗೆ ರಸ್ತೆಯ ಮೇಲೆ ಅಡ್ಡಡ್ಡ ಹಸಿರು ಗೀರು. ಅವಳು ಗೀರುಗಳ ನಡುವೆಯೇ ಓಡಿಸಿದಳು. ಪ್ಲಾಸ್ಟರಿನ ಕಾಲು ದಿಂಬಿನ ಮೇಲೆ ಅಲ್ಲಾಡದೆ ಇತ್ತು, ಉಳಿದ ಮೈಯೆಲ್ಲ ಮುಂದಕ್ಕೆ ಬಾಗಿತ್ತು. ಆರನೇ ಸುತ್ತಿನ ದೊಡ್ಡ ತಿರುವಿನಲ್ಲಿ ಚಿತ್ರ ನಿಂತಿತು. ಅರ್ಧ ಸೆಕೆಂಡು ಅಲ್ಲ, ಎರಡು ಸೆಕೆಂಡು.

"ಬ್ರೇಕ್!" ಅಂತ ಕಿರುಚಿದೆ. ನನ್ನ ದನಿಗೆ ನಾನೇ ಹೆದರಿದೆ.

ಚಿತ್ರ ಚಲಿಸಿತು. ಕಾರು ರಸ್ತೆಯಲ್ಲೇ ಇತ್ತು. ಅಕ್ಕ ಆಟ ತಡೆಯುವ ಪಾಜ್ ಕೀ ಒತ್ತಿದಳು, ಕೈಯನ್ನು ಕೀಬೋರ್ಡಿನಿಂದ ತೆಗೆದಳು. ತೆರೆ ಕಡೆಗೇ ನೋಡುತ್ತ ಕೇಳಿದಳು:

"ಅವತ್ತು ನೀನು ಬ್ರೇಕ್ ಹಿಡಿದ್ಯಾ?"

ನಾನು ಟೇಬಲ್ ಫ್ಯಾನನ್ನು ಡಬ್ಬದ ಇನ್ನಷ್ಟು ಹತ್ತಿರ ಸರಿಸಿದೆ.

"ಹಿಂದೆ ಕೂತಿದ್ದೋಳು ನಾನು. ನಾಯಿ ಎಲ್ಲಿತ್ತು?"

ಮೂರು ವಾರದಿಂದ ಮುಚ್ಚಿಟ್ಟದ್ದನ್ನು ಹೇಳಿದೆ. ನಾಯಿ ಇರಲಿಲ್ಲ. ಜೇಬಿನಲ್ಲಿ ಹೊಸ ಮೊಬೈಲು ಸದ್ದು ಮಾಡಿತ್ತು. ಒಂದು ಕೈಯಲ್ಲಿ ತೆಗೆದು ಮೆಸೇಜು ಓದುತ್ತಿದ್ದೆ. ತಲೆ ಎತ್ತಿದಾಗ ಎದುರಿಗೆ ತಿರುವಿತ್ತು.

"ಎಂತ ಮೆಸೇಜು?"

"ಕಂಪನಿಯದ್ದು. ರೀಚಾರ್ಜ್ ಮಾಡಿ ಅಂತ."

ಅವಳು ನಕ್ಕಳೇನೋ ಅಂದುಕೊಂಡೆ. ನಕ್ಕಿರಲಿಲ್ಲ, ತುಟಿ ಕಚ್ಚಿಕೊಂಡಿದ್ದಳು. ಕಣ್ಣಲ್ಲಿ ನೀರಿತ್ತು. "ಆಸ್ಪತ್ರೆಯಲ್ಲೇ ಹೇಳ್ತೀಯ ಅಂದ್ಕೊಂಡಿದ್ದೆ" ಅಂದಳು. "ಆಮೇಲೆ ದಿನಾ ಕಾದೆ. ನೀನು ದಿನಾ ದಿಂಬು ಸರಿ ಮಾಡಿ, ಹಾಲು ತಂದುಕೊಟ್ಟು, ಹೊರಟುಹೋಗ್ತಿದ್ದೆ."

ಗೇಮಿಗೆ ಮರಳಲು ಅವಳು ಕೀ ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ತಡೆದಿಟ್ಟ ಚಿತ್ರ ಹಾಗೇ ಸತ್ತುಹೋಗಿತ್ತು. ನೋಡುತ್ತಿದ್ದಂತೆ ತೆರೆ ಕಪ್ಪಾಯಿತು. ನಾನು ಸ್ವಿಚ್ ತೆಗೆದೆ. ಕರಕರ ನಿಂತಿತು, ಟೇಬಲ್ ಫ್ಯಾನು ಮಾತ್ರ ತಿರುಗುತ್ತಿತ್ತು.

"ಅಮ್ಮನಿಗೂ ಹೇಳು. ನಾನು ಹೇಳಲ್ಲ, ನೀನೇ ಹೇಳ್ಬೇಕು."

"ಈಗಲಾ?"

"ಮತ್ತೆ ಯಾವಾಗ?"

ಅಂಗಡಿಗೆ ಹೋದೆ. ಅಮ್ಮ ಒಂದು ರವಿಕೆಗೆ ತೋಳು ಕೂರಿಸುತ್ತಿದ್ದರು. ನಿಂತುಕೊಂಡೇ ಹೇಳಿದೆ. ಅವರು ಪೆಡಲಿನಿಂದ ಕಾಲು ತೆಗೆದು ಪೂರ್ತಿ ಕೇಳಿದರು. ಬೈಯಲಿಲ್ಲ. "ನಾಯಿ ಯಾರ ಮನೇದು ಅಂತ ಕಮ್ಮರಡೀಲಿ ನಾಲ್ಕು ಜನರ ಹತ್ರ ವಿಚಾರಿಸಿದ್ದೆ" ಅಂದರು. ಮತ್ತೆ ಹೊಲಿಯತೊಡಗಿದರು. ಆಮೇಲೆ ನಾಲ್ಕು ದಿನ ನನ್ನ ಹತ್ತಿರ ಮಾತಿಲ್ಲ. ಊಟಕ್ಕೆ ಬಡಿಸುತ್ತಿದ್ದರು, ಅಷ್ಟೆ.

ಆ ಭಾನುವಾರವೇ ಸಂಜೆ ತಣ್ಣಗಾದ ಮೇಲೆ ಹೆದರುತ್ತಲೇ ಕಂಪ್ಯೂಟರ್ ಹಾಕಿದೆ. ಕಾರ್ಡು ಬದುಕಿತ್ತು, ಮೂಲೆಯಲ್ಲಿ ಒಂದು ಹಸಿರು ಗೆರೆ ಮಾತ್ರ ಹೋಗಲೇ ಇಲ್ಲ. ಆ ಗೆರೆ ಇಟ್ಟುಕೊಂಡೇ ಮತ್ತೆ ಒಂದು ವರ್ಷ ಟೈಪ್ ಮಾಡಿದೆ.

ಆ ರೇಸನ್ನು ಅಕ್ಕ ಮುಗಿಸಲಿಲ್ಲ, ನಾನೂ ಮುಗಿಸಲಿಲ್ಲ. ಪ್ಲಾಸ್ಟರ್ ತೆಗೆದ ಮೇಲೆ ಅವಳು ಬಸ್ಸಿನಲ್ಲೇ ಸ್ಕೂಲಿಗೆ ಹೋಗಿಬಂದಳು. ಬೇಸಿಗೆ ರಜೆಯಲ್ಲಿ ಶೃಂಗೇರಿಗೆ ಯಾರದೋ ಮದುವೆಗೆ ಹೋಗಬೇಕಿತ್ತು. ಬಸ್ಸು ತಪ್ಪಿತ್ತು. ಅವಳು ಸ್ವಲ್ಪ ಹೊತ್ತು ಸ್ಟಾಂಡಿನಲ್ಲಿ ನಿಂತು, "ಸ್ಕೂಟರ್ ತಾ, ನಾನು ಓಡಿಸ್ತೀನಿ. ನೀನು ಹಿಂದೆ ಕೂರು" ಅಂದಳು. ಅವಳಿಗೆ ಲೈಸೆನ್ಸ್ ಇತ್ತು, ಧೈರ್ಯ ಇರಲಿಲ್ಲ ಅಂತ ನಾವೆಲ್ಲ ತಿಳಿದಿದ್ದೆವು. ದಾರಿಯುದ್ದಕ್ಕೂ ಸ್ಪೀಡು ಮೂವತ್ತು ದಾಟಲಿಲ್ಲ. ನಾವು ತಲುಪುವಾಗ ಊಟದ ಎರಡನೇ ಪಂಕ್ತಿ ಏಳುತ್ತಿತ್ತು.