ಎರಡು ತಟ್ಟೆ ಹುಳು, ದಿನಕ್ಕೆರಡು ಮಾತ್ರೆ

ಸಾಹೇಬರ ಕನ್ನಡಕದ ಎಡಗಡೆಯ ಕಡ್ಡಿ ಮುರಿದು ಎಷ್ಟು ವರ್ಷವಾಗಿತ್ತೋ, ನಾನು ನೋಡುವ ಹೊತ್ತಿಗೇ ಅದಕ್ಕೆ ಹಳದಿ ರೇಷ್ಮೆ ನೂಲು ಸುತ್ತಿಕೊಂಡಿದ್ದರು. ಕಿವಿಯ ಬೆವರು ತಾಗಿ ತಾಗಿ ನೂಲು ಕಂದು ಬಣ್ಣಕ್ಕೆ ತಿರುಗಿದರೆ ಅದನ್ನು ಬಿಚ್ಚಿ ಹೊಸದು ಸುತ್ತುತ್ತಿದ್ದರೇ ಹೊರತು ಕನ್ನಡಕ ಬದಲಾಯಿಸಿದವರಲ್ಲ. ಆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಡಾಕ್ಟರ ಚೀಟಿಯನ್ನು ಒಮ್ಮೆ, ಚೀಟಿ ತಂದವರ ಮುಖವನ್ನು ಒಮ್ಮೆ ನೋಡುತ್ತಿದ್ದರು. ಚೀಟಿಗಿಂತ ಮುಖವನ್ನೇ ಹೆಚ್ಚು ಹೊತ್ತು ನೋಡುತ್ತಿದ್ದರು ಎಂದು ನನ್ನ ಗುಮಾನಿ.

ಶಿಡ್ಲಘಟ್ಟದ ಬಸ್ ನಿಲ್ದಾಣದಿಂದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ಅವರ ಔಷಧಿ ಅಂಗಡಿ. ಎಂಬತ್ತರ ದಶಕದಲ್ಲಿ ಊರಲ್ಲಿ ಅಂಥ ಅಂಗಡಿಗಳು ಇನ್ನೂ ಎರಡು ಮೂರು ಇದ್ದವು. ಅಲ್ಲಿ ಕೇಳಿದ್ದನ್ನು ಕೊಟ್ಟು ಕಳಿಸುತ್ತಿದ್ದರು. ಇವರು ಹಾಗಲ್ಲ. ತಲೆನೋವಿನ ಮಾತ್ರೆ ಕೇಳಿದರೂ, ಊಟ ಆಯ್ತಾ, ಏನು ಊಟ, ನಿದ್ದೆ ಹೇಗೆ ಬರುತ್ತೆ ಎಂದು ಶುರುಮಾಡುತ್ತಿದ್ದರು. ಒಮ್ಮೆ ಒಬ್ಬರು, ಬಸ್ಸು ಹೊರಡ್ತಾ ಇದೆ ಬೇಗ ಕೊಡಿ ಸಾಹೇಬ್ರೆ ಎಂದು ರೇಗಿದ್ದಕ್ಕೆ, "ಕಂಡಕ್ಟರ್ ನನಗೆ ಗೊತ್ತು, ನಿಲ್ಲಿಸ್ತಾನೆ. ನೀನು ಏನು ತಿಂದೆ ಅದನ್ನ ಹೇಳಪ್ಪ" ಎಂದಿದ್ದರು. ಗಡಿ ಕಡೆಯಿಂದ ಬಂದವರೊಡನೆ ತೆಲುಗು, ನಮ್ಮೊಡನೆ ಕನ್ನಡ, ಮನೆಯವರೊಡನೆ ಉರ್ದು. ಮಾತ್ರೆ ಎಣಿಸುವಾಗ ಮಾತ್ರ ಯಾವಾಗಲೂ ಉರ್ದುವಿನಲ್ಲೇ ಮಣಮಣ ಎನ್ನುತ್ತಿದ್ದರು. "ನಾನು ಡಾಕ್ಟರಲ್ಲ, ಅಂಗಡಿಯವನು" ಎಂದು ಮೊದಲೇ ಹೇಳಿಬಿಡುತ್ತಿದ್ದರು. ಹಾಗೆ ಹೇಳಿದರೆ ಮುಂದೆ ಕಾಲು ಗಂಟೆ ಬುದ್ಧಿವಾದ ಇದೆ ಎಂದು ಗಿರಾಕಿಗಳಿಗೆಲ್ಲ ಗೊತ್ತಿತ್ತು.

ನಾನು ಚಿಂತಾಮಣಿಯಲ್ಲಿ ಬೆಳೆದವಳು. ರೇಷ್ಮೆ ಸೀರೆ ಉಟ್ಟು ಗೊತ್ತಿತ್ತೇ ವಿನಾ ರೇಷ್ಮೆ ಹುಳುವನ್ನು ಮುಟ್ಟಿ ಗೊತ್ತಿರಲಿಲ್ಲ. ಮದುವೆಯಾಗಿ ಜಂಗಮಕೋಟೆಗೆ ಬಂದೆ. ಪ್ರೈಮರಿ ಶಾಲೆಯ ಕೆಲಸವೂ ಅಲ್ಲೇ ಹತ್ತಿರದಲ್ಲಿ ಸಿಕ್ಕಿತು. ಶಾಲೆಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ಮನೆಯಲ್ಲಿ ಸಾಕಿದ ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕಬೇಕು. ಹುಳುಮನೆಯ ಯಜಮಾನಿಕೆ ನನ್ನ ಅತ್ತೆಯದು. ಅಲ್ಲಿ ಅವರು ಹೇಳಿದ್ದೇ ಕಾನೂನು. ಪೌಡರ್ ಹಾಕಿಕೊಂಡವರು, ನಶ್ಯ ಸೇದುವವರು, ಒಗ್ಗರಣೆ ಹಾಕಿ ಕೈ ತೊಳೆಯದವರು, ಸಾವಿನ ಮನೆಗೆ ಹೋಗಿಬಂದವರು ಯಾರೂ ಒಳಗೆ ಕಾಲಿಡುವ ಹಾಗಿಲ್ಲ. ಹೊರಗಿನವರ ಮಾತು ಬಿಡಿ, ನನ್ನ ಗಂಡನನ್ನೇ ಬಾಗಿಲಲ್ಲಿ ನಿಲ್ಲಿಸಿ ಮೂಸಿ ನೋಡಿ ಒಳಗೆ ಬಿಡುತ್ತಿದ್ದರು. ಅತ್ತೆಗೆ ಕೋಪ ಬಂದರೆ ಕನ್ನಡ ಹೋಗಿ ತೆಲುಗು ಬರುತ್ತಿತ್ತು. ಮದುವೆಯಾದ ಮೊದಲ ವರ್ಷ ನಾನು ಕೇಳಿದ್ದು ಬರೀ ತೆಲುಗು.

ಎರಡನೆಯ ಮಗುವಾದ ಮೇಲೆ ನನಗೆ ಎದೆ ಡವಡವ ಹೊಡೆದುಕೊಳ್ಳುವ ಕಾಯಿಲೆ ಶುರುವಾಯಿತು. ಕೂತಲ್ಲೇ ಕೂತಿದ್ದರೂ ಬೆಟ್ಟ ಹತ್ತಿ ಬಂದವಳ ಹಾಗೆ ಏದುಸಿರು. ರಕ್ತದೊತ್ತಡವೂ ಇತ್ತು. ಬೆಂಗಳೂರಿನ ಡಾಕ್ಟರು ಪರೀಕ್ಷೆ ಮಾಡಿ, ಎದೆಬಡಿತವನ್ನು ಹಿಡಿತದಲ್ಲಿಡುವ ಮಾತ್ರೆ ಬರೆದುಕೊಟ್ಟರು. ದಿನಕ್ಕೆ ಎರಡು. ತಿಂಗಳಿಗೊಮ್ಮೆ ಸಾಹೇಬರ ಅಂಗಡಿಗೆ ಹೋಗಿ ತರುತ್ತಿದ್ದೆ. ಒಂದು ವರ್ಷ ಏನೂ ತೊಂದರೆಯಿಲ್ಲದೆ ಕಳೆಯಿತು.

ಆಮೇಲೆ ಒಂದು ಮಳೆಗಾಲದಲ್ಲಿ ನಮ್ಮ ಬೆಳೆ ಪೂರ್ತಿ ಹೋಯಿತು. ಇನ್ನೇನು ನಾಲ್ಕು ದಿನದಲ್ಲಿ ಗೂಡು ಕಟ್ಟಬೇಕಾಗಿದ್ದ ಹುಳುಗಳು ಸಪ್ಪೆ ರೋಗ ಬಂದು ತಟ್ಟೆಯಲ್ಲೇ ಮೆತ್ತಗಾಗಿ, ಕಪ್ಪಾಗಿ ನಾತ ಹೊಡೆದವು. ಅತ್ತೆ ಅವತ್ತು ಊಟ ಮಾಡಲಿಲ್ಲ. ಪಕ್ಕದ ಮನೆಯವರು ಸಮಾಧಾನ ಹೇಳಲು ಬಂದವರು, "ನಿಮ್ಮ ಸೊಸೆ ದಿನಾ ಇಂಗ್ಲಿಷ್ ಔಷಧಿ ನುಂಗ್ತಾರಲ್ಲ, ಅದು ಬೆವರಲ್ಲಿ ಬರುತ್ತಂತೆ. ಹುಳಕ್ಕೆ ಆ ವಾಸನೆ ಆಗುತ್ತಾ?" ಎಂದು ಕೇಳಿ ಹೋದರು. ಅತ್ತೆ ನನಗೆ ಒಂದು ಮಾತೂ ಆಡಲಿಲ್ಲ. ತೆಲುಗಿನಲ್ಲೂ ಆಡಲಿಲ್ಲ. ಬೈದಿದ್ದರೆ ತಿರುಗಿ ಎರಡು ಮಾತು ಹೇಳಿ ಸುಮ್ಮನಾಗುತ್ತಿದ್ದೆ. ಅವರ ಮೌನಕ್ಕೆ ನನಗೆ ರೋಷ ಬಂತು. ಮುಂದಿನ ಬೆಳೆಯ ಹುಳು ನಾಲ್ಕನೇ ಜ್ವರ ಎದ್ದ ದಿನವೇ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟೆ. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಒಂದು ವಾರ ಹುಳು ಗಬಗಬ ತಿನ್ನುತ್ತದೆ, ಬೆಳೆ ಉಳಿಯುವುದೋ ಹೋಗುವುದೋ ಆ ವಾರದಲ್ಲೇ ತೀರ್ಮಾನ. ಒಂದು ವಾರ ಮಾತ್ರೆ ಬಿಟ್ಟರೆ ಏನಾಗುತ್ತದೆ ಮಹಾ ಎಂದುಕೊಂಡೆ. ಓದಿದವಳು, ನಾಲ್ಕು ಮಕ್ಕಳಿಗೆ ಪಾಠ ಹೇಳುವವಳು, ನನ್ನ ಬುದ್ಧಿಗೆ ಇಷ್ಟು ಹೊಳೆಯಲಿಲ್ಲ.

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಬೋರ್ಡಿನ ಮೇಲೆ ಬರೆಯುವಾಗ ಅಕ್ಷರ ಸೊಟ್ಟಗಾದವು. ಮಕ್ಕಳು ಕಿಸಕ್ಕೆಂದರು. ನಾಲ್ಕನೆಯ ದಿನ ಬೆವರು ಕಿತ್ತುಕೊಂಡು ಬಂತು. ಎದೆ ಮೊದಲು ಹೊಡೆದುಕೊಳ್ಳುತ್ತಿದ್ದುದಕ್ಕಿಂತ ಜೋರಾಗಿ ಹೊಡೆದುಕೊಳ್ಳತೊಡಗಿತು. ಕಾಯಿಲೆ ವಾಪಸ್ಸು ಬಂತು, ಬಡ್ಡಿ ಸಮೇತ. ಐದನೆಯ ದಿನ ಶನಿವಾರ, ಗೂಡು ಕಟ್ಟಲು ಹುಳುಗಳನ್ನು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಗೊತ್ತುಮಾಡಿ ಬರಲು ಅತ್ತೆ ನನ್ನನ್ನೇ ಶಿಡ್ಲಘಟ್ಟಕ್ಕೆ ಕಳಿಸಿದರು. ಬಸ್ಸಿಳಿದು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಎದೆಯ ಮೇಲೆ ಯಾರೋ ಬೀಸುಕಲ್ಲು ಇಟ್ಟಂತಾಯಿತು. ಸಾಹೇಬರ ಅಂಗಡಿಯ ಕಂಬ ಹಿಡಿದು ನಿಂತೆ.

ಕೂರಿಸಿ ನೀರು ಕೊಟ್ಟರು. ಲೋಟ ನನ್ನ ಕೈಯಲ್ಲಿ ಕಟಕಟ ನಡುಗುವುದನ್ನು ನೋಡಿದರು.

"ಮಾತ್ರೆ ಯಾವತ್ತು ನಿಲ್ಲಿಸಿದ್ರಿ ಟೀಚರಮ್ಮ?"

"ನಿಲ್ಲಿಸಿಲ್ಲ ಸಾಹೇಬ್ರೆ, ಬಿಸಿಲಿಗೆ ಹೀಗಾಗಿದೆ."

"ಎಂಟನೇ ತಾರೀಕಿಗೆ ನಿಮ್ಮ ಮಾತ್ರೆ ಮುಗೀಬೇಕು. ಇವತ್ತು ಹತ್ತು. ನೀವು ಬರ್ಲಿಲ್ಲ. ನನ್ನ ಹತ್ರ ಯಾಕಮ್ಮ ಸುಳ್ಳು, ನಾನು ನಿಮ್ಮ ಅತ್ತೇನಾ?"

ಎದೆಯ ಭಾರದಲ್ಲೂ ನಗು ಬಂತು. ನಗುತ್ತಲೇ ಅತ್ತೂಬಿಟ್ಟೆ. ಎಲ್ಲ ಹೇಳಿದೆ. ಸಾಹೇಬರು ಅಂಗಡಿಯ ಬಾಗಿಲು ಎಳೆದು, ಆಟೋ ಹತ್ತಿಸಿ, ತಾವೇ ಅಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಹಾಡುಹಗಲಲ್ಲಿ ಆ ಅಂಗಡಿ ಮುಚ್ಚಿದ್ದನ್ನು ಕಂಡು, ಸಾಹೇಬರ ಮನೆಯಲ್ಲಿ ಏನೋ ಆಯಿತೆಂದು ಅಕ್ಕಪಕ್ಕದವರು ಗಾಬರಿಯಾದರಂತೆ.

ಡಾಕ್ಟರು ಚೆನ್ನಾಗಿ ಬೈದರು. ಈ ಜಾತಿಯ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಹೃದಯಕ್ಕೇ ಪೆಟ್ಟಾಗಬಹುದು, ಇನ್ನೆರಡು ದಿನ ಬಿಟ್ಟಿದ್ದರೆ ಏನು ಬೇಕಾದರೂ ಆಗಬಹುದಿತ್ತು ಎಂದರು. ಮಾತ್ರೆ ಮತ್ತೆ ಶುರುವಾಯಿತು. ಸಂಜೆಯವರೆಗೂ ಅಲ್ಲೇ ಮಲಗಿಸಿಕೊಂಡರು. ಸಾಹೇಬರ ತಂದೆ ಜಟಕಾ ಓಡಿಸುತ್ತಿದ್ದವರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಸಾಹೇಬರು ಹೇಳಿದರು: "ನಮ್ಮ ಅಬ್ಬಾ ಇಳಿಜಾರಲ್ಲಿ ಲಗಾಮು ಪೂರಾ ಬಿಡ್ತಿರಲಿಲ್ಲ. ಎಳೆದು ಹಿಡಿದಿದ್ದ ಕುದುರೆನ ತಟ್ಟಂತ ಬಿಟ್ರೆ ಅದು ಓಡಲ್ಲಮ್ಮ, ಗಾಡಿ ಸಮೇತ ಉರುಳುತ್ತೆ. ಬಿಡಬೇಕು ಅಂದ್ರೆ ಸ್ವಲ್ಪ ಸ್ವಲ್ಪ ಬಿಡಬೇಕು. ಅದೂ ಡಾಕ್ಟರ್ ಹೇಳಿದ ಮೇಲೆ."

ಮಾತ್ರೆಯನ್ನೇನೋ ನುಂಗಿದೆ. ಮನೆಗೆ ಹೋಗಿ ಹುಳುಮನೆಯ ಬಾಗಿಲಲ್ಲಿ ನಿಂತರೆ ಏನು ಹೇಳಲಿ ಎನ್ನುವುದೇ ನನ್ನ ಚಿಂತೆಯಾಗಿತ್ತು. ಸಾಹೇಬರಿಗೆ ಅದೂ ಗೊತ್ತಾಯಿತು. ಮರುದಿನ ಭಾನುವಾರ, ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಜಂಗಮಕೋಟೆಗೆ ಬಂದೇಬಿಟ್ಟರು. ಹುಳುಮನೆಯ ಕಡೆ ಒಂದು ಹೆಜ್ಜೆಯನ್ನೂ ಇಡದೆ ದೂರದ ಜಗಲಿಯ ಮೇಲೆ ಕೂತರು. "ಅಮ್ಮಾ, ನಾನು ಅತ್ತರ್ ಹಾಕ್ಕೊಂಡು ಬಂದಿಲ್ಲ" ಎಂದು ಮೊದಲೇ ಹೇಳಿದರು. ಅತ್ತೆಗೆ ಅದು ಹಿಡಿಸಿತು ಎಂದು ಅವರ ಮುಖ ನೋಡಿಯೇ ತಿಳಿಯಿತು. ಸಾಹೇಬರು ವಾದಕ್ಕೆ ಹೋಗಲಿಲ್ಲ.

"ಮುಂದಿನ ಬೆಳೇಲಿ ಎರಡು ತಟ್ಟೆ ಹುಳ ಬೇರೆ ಕೋಣೇಲಿ ಇಡಿ. ಟೀಚರಮ್ಮ ಮಾತ್ರೆ ನುಂಗಿ, ಕೈ ತೊಳ್ಕೊಂಡು, ಅವರೊಬ್ಬರೇ ಸೊಪ್ಪು ಹಾಕ್ಲಿ. ಉಳಿದಿದ್ದು ನೀವು ನೋಡ್ಕೊಳ್ಳಿ. ಏನಾಗುತ್ತೆ ನೋಡಣ."

"ಹುಳ ಸತ್ರೆ?" ಎಂದರು ಅತ್ತೆ.

"ಸತ್ರೆ ಎರಡು ತಟ್ಟೆ ಹುಳ ಸಾಯ್ತವೆ. ಇವರು ಮಾತ್ರೆ ಬಿಟ್ರೆ ಯಾರು ಸಾಯ್ತಾರೆ ಅಂತ ಡಾಕ್ಟರ್ ನಿನ್ನೆ ಹೇಳಿದ್ರು. ಅದನ್ನ ನಿಮ್ಮ ಮುಂದೆ ಹೇಳೋಕೆ ನನಗೆ ಬಾಯಿ ಬರಲ್ಲ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಕಾಫಿ ಇತ್ತು. ನಾನು ಐದು ದಿನ ಮಾತ್ರೆ ನುಂಗಿಲ್ಲ ಎನ್ನುವುದು ಅವರಿಗೆ ತಿಳಿದದ್ದೇ ಆಗ.

ಮುಂದಿನ ಬೆಳೆಯಲ್ಲಿ ಹೇಳಿದಂತೆಯೇ ಮಾಡಿದೆವು. ಬೆಳಿಗ್ಗೆ ಮಾತ್ರೆ, ಆಮೇಲೆ ಸೊಪ್ಪು. ಆ ಎರಡು ತಟ್ಟೆಯನ್ನು ನೋಡಿಕೊಂಡ ಹಾಗೆ ನಾನು ನನ್ನ ಮಕ್ಕಳನ್ನೂ ನೋಡಿಕೊಂಡಿರಲಿಲ್ಲ. ಶಾಲೆಯಲ್ಲಿದ್ದಾಗಲೂ ಅದೇ ಧ್ಯಾನ. ಅತ್ತೆ ದಿನಕ್ಕೆ ನಾಲ್ಕು ಸಲ ಬಾಗಿಲಲ್ಲಿ ಇಣುಕುತ್ತಿದ್ದರು. ಒಂದು ದಿನ ಮಳೆ ಬಂದು ಸೊಪ್ಪು ತೊಯ್ದಿತ್ತು. ನಾನು ಹೆದರಿಕೆಯಿಂದ ಒಂದೊಂದೇ ಎಲೆಯನ್ನು ಬಟ್ಟೆಯಲ್ಲಿ ಒರೆಸಿ ಹಾಕುತ್ತಿದ್ದೆ. ಬಾಗಿಲಲ್ಲಿ ಇಣುಕಿದ ಅತ್ತೆ ಅದನ್ನು ನೋಡಿದರು. ಆಮೇಲೆ ನಿಧಾನವಾಗಿ, "ಆವತ್ತು ಬೆಳೆ ಹೋಯ್ತಲ್ಲ, ಆಗ ನಾನು ಒದ್ದೆ ಸೊಪ್ಪೇ ಹಾಕಿದ್ದೆ ಕಣಮ್ಮ" ಎಂದರು. ನನಗೂ ಬಾಯಿ ಇದೆ, ತಿರುಗಿ ಎರಡು ಮಾತು ಹೇಳಬಹುದಿತ್ತು. ಅವತ್ತು ಇನ್ನೊಂದು ಎಲೆ ತೆಗೆದುಕೊಂಡು ಒರೆಸಿದೆ. ಹುಳುಗಳು ಮೇವು ಸಾಕಾಗಿ, ಹಣ್ಣಾಗಿ ಚಂದ್ರಿಕೆ ಹತ್ತಿದವು, ಗಟ್ಟಿ ಗೂಡು ಕಟ್ಟಿದವು. ಅತ್ತೆ ನನ್ನ ಎರಡು ತಟ್ಟೆಯ ಗೂಡುಗಳಲ್ಲಿ ಒಂದು ಹಿಡಿಯನ್ನು ಸೆರಗಿಗೆ ಕಟ್ಟಿಕೊಂಡು, ತಾವೇ ಬಸ್ಸು ಹತ್ತಿ ಹೋಗಿ ಸಾಹೇಬರಿಗೆ ತೋರಿಸಿ ಬಂದರು. ಅಲ್ಲಿಂದಾಚೆಗೆ ಬೆಳಿಗ್ಗೆ ಸೊಪ್ಪು ಕತ್ತರಿಸುವ ಮುಂಚೆ, "ನುಂಗಿದ್ಯೇನೇ?" ಎಂದು ಕೇಳುವುದು ಅವರ ಪದ್ಧತಿಯಾಯಿತು.

ಕೆಲವು ವರ್ಷ ಹೀಗೇ ನಡೆಯಿತು. ತೊಂಬತ್ತರ ದಶಕ ಶುರುವಾದ ಮೇಲೆ ಡಾಕ್ಟರು, ಈಗ ನಿಮ್ಮ ಎದೆ ಸರಿಯಾಗಿದೆ, ಮಾತ್ರೆಯನ್ನು ನಿಧಾನವಾಗಿ ಕಡಿಮೆ ಮಾಡಿ ನಿಲ್ಲಿಸೋಣ ಎಂದರು. ಬಿಡಬೇಕೆಂದು ಅಷ್ಟು ಹಾರಾಡಿದವಳಿಗೆ ಈಗ ಬಿಡುವುದೆಂದರೆ ಪ್ರಾಣಭಯ. ಡಾಕ್ಟರು ಬರೆದುಕೊಟ್ಟಂತೆ ಸಾಹೇಬರು ಬ್ಲೇಡಿನಿಂದ ಮಾತ್ರೆಗಳನ್ನು ಅರ್ಧ, ಕಾಲು ಮಾಡಿ, ವಾರಕ್ಕೊಂದು ಪೊಟ್ಟಣ ಕಟ್ಟಿಕೊಟ್ಟರು. ಅರ್ಧಕ್ಕೆ ಇಳಿದ ವಾರ ಮತ್ತೆ ಅದೇ ಬೆವರು, ಅದೇ ಕೈ ನಡುಕ, ಇದ್ದಕ್ಕಿದ್ದಂತೆ ಎದೆಯಲ್ಲಿ ಓಟ. ಶನಿವಾರ ಶನಿವಾರ ಅಂಗಡಿಯಲ್ಲಿ ಕೂರಿಸಿ, ಕೈಗಡಿಯಾರ ಬಿಚ್ಚಿ ಮುಂದಿಟ್ಟು, ನನ್ನ ನಾಡಿಯನ್ನು ನನ್ನಿಂದಲೇ ಪೂರ್ತಿ ಒಂದು ನಿಮಿಷ ಎಣಿಸಿಸುತ್ತಿದ್ದರು.

"ಹೆದರಿಕೆಗೂ ಎದೆ ಓಡುತ್ತೆ, ಮಾತ್ರೆ ಕಮ್ಮಿಯಾದ್ರೂ ಓಡುತ್ತೆ ಟೀಚರಮ್ಮ. ಐದು ನಿಮಿಷ ಕೂತ್ಕೊಂಡು ಇನ್ನೊಂದು ಸಲ ಎಣಿಸಿ. ಇಳಿದ್ರೆ ಮನೆಗೆ ಹೋಗಿ. ಇಳಿದೇ ಇದ್ರೆ ಡಾಕ್ಟರ್ ಹತ್ರ ಹೋಗಣ."

ಒಂದು ಶನಿವಾರ ಇಳಿಯಲಿಲ್ಲ. ಡಾಕ್ಟರು ನೋಡಿ, ಇನ್ನೆರಡು ವಾರ ಅರ್ಧದಲ್ಲೇ ಇರಲಿ ಎಂದರು. ಅವಸರ ಯಾರಿಗಿದೆ ಎಂದು ಸಾಹೇಬರು ಹೊಸ ಪೊಟ್ಟಣ ಕಟ್ಟಿದರು. ಆ ಎರಡೂವರೆ ತಿಂಗಳು ನನಗೆ ಕಾಫಿ ಬಂದ್. ಪಕ್ಕದ ಹೋಟೆಲಿನವನಿಗೂ ಹೇಳಿಟ್ಟಿದ್ದರು. ಕದ್ದು ಕುಡಿಯೋಣವೆಂದು ಹೋದರೆ ಅವನು, "ಸಾಹೇಬ್ರು ಬೇಡ ಅಂದವ್ರೆ ಮೇಡಂ, ಹಾಲು ಕೊಡ್ಲಾ?" ಎಂದ. ಕಾಲು ಮಾತ್ರೆಯೂ ಮುಗಿದು ಖಾಲಿ ಕೈಯಲ್ಲಿ ಒಂದು ತಿಂಗಳು ಕಳೆದ ಮೇಲೆ ನಾಡಿ ಎಣಿಸಿದೆ. ಎಪ್ಪತ್ತೆರಡು. ಸಾಹೇಬರು ನಂಬದೆ ಇನ್ನೊಮ್ಮೆ ಎಣಿಸಿ ಎಂದರು. ಮತ್ತೆ ಎಪ್ಪತ್ತೆರಡೇ. ಅವರೇ ಎದ್ದು ಹೋಗಿ ಕಾಫಿ ತಂದರು. ಅಷ್ಟು ರುಚಿಯಾದ ಕಾಫಿಯನ್ನು ನಾನು ಆಮೇಲೆ ಕುಡಿದಿಲ್ಲ.

ಐದಾರು ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ಗೂಡು ತೆಗೆದುಕೊಂಡು ಹೋಗಿದ್ದ ನಮ್ಮೂರಿನವರು ವಾಪಸ್ಸು ಬಂದು, ಸಾಹೇಬರು ತೀರಿಕೊಂಡರಂತೆ, ಮಧ್ಯಾಹ್ನಕ್ಕೆ ಮಣ್ಣಂತೆ ಎಂದರು. ನಮ್ಮ ಹುಳು ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು. ನಾನು ಹೊರಟೆ. ಅತ್ತೆ ಹುಳುಮನೆಯಿಂದ ಹೊರಗೆ ಬಂದು, ಸೊಪ್ಪಿನ ಕುಕ್ಕೆಯನ್ನು ನನ್ನ ಗಂಡನ ಕೈಗೆ ಕೊಟ್ಟು, ಕಾಲು ತೊಳೆದುಕೊಂಡರು.

"ತಡಿಯೇ, ನಾನೂ ಬರ್ತೀನಿ."

ಸ್ವಂತ ಅಣ್ಣ ಹೋದಾಗಲೂ ಹುಳು ಮೇಯುತ್ತಿದೆ ಎಂದು ಮಣ್ಣಿಗೆ ಹೋಗದೆ, ಬೆಳೆ ಮುಗಿದ ಮೇಲೆ ಹೋಗಿ ಬಂದವರು ಅವರು. "ನೀವು ಬಂದ್ರೆ ಮತ್ತೆ ಒಳಗೆ ಹೋಗೋ ಹಾಗಿಲ್ಲ ಅತ್ತೆ, ಬೆಳೆ ಏನಾಗ್ಬೇಕು?" ಎಂದೆ.

"ಹೋದ್ರೆ ಹೋಗ್ಲಿ, ನಡಿ."

ಸಾಹೇಬರ ಮನೆಯಲ್ಲಿ ಹೆಂಗಸರೆಲ್ಲ ಒಳಕೋಣೆಯಲ್ಲಿ ಕೂತಿದ್ದರು. ಸಾಹೇಬರ ಹೆಂಡತಿಗೆ ಕನ್ನಡ ಅಷ್ಟಕ್ಕಷ್ಟೆ. ಅತ್ತೆ ನೇರವಾಗಿ ಹೋಗಿ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತು, ಎರಡೂ ಕೈ ಹಿಡಿದುಕೊಂಡರು. ನನ್ನ ಕಡೆ ತೋರಿಸಿ, "ಇವಳು ನಮ್ಮನೆ ಸೊಸೆ. ನಾನು ಕಳ್ಕೊಳ್ತಾ ಇದ್ದೆ ಕಣಮ್ಮ. ನಿಮ್ಮ ಯಜಮಾನ್ರು ನಮ್ಮನೇಗಂಟ ಬಂದು ಉಳಿಸಿಕೊಟ್ರು" ಎಂದರು. ಆಕೆಗೆ ಎಷ್ಟು ಅರ್ಥವಾಯಿತೋ, ಅತ್ತೆಯ ಭುಜಕ್ಕೆ ತಲೆಯಿಟ್ಟು ಅಳತೊಡಗಿದರು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅತ್ತೆ ಆ ಮಾತನ್ನು ನನ್ನೆದುರು ಆಡಿರಲಿಲ್ಲ.