ಪಾದ ನೋಡಿ ಕೊಟ್ಟ ಅಂಕ

ಕಬಡ್ಡಿಯಲ್ಲಿ ರೇಡರುಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಗೆರೆ ದಾಟಿ ಹೋಗುತ್ತಾರೆ, ಒಬ್ಬರನ್ನು ಮುಟ್ಟಿ ಓಡಿ ಬರುತ್ತಾರೆ, ತೊಡೆ ತಟ್ಟುತ್ತಾರೆ. ಚಪ್ಪಾಳೆಯೆಲ್ಲ ಅವರಿಗೇ. ಮೂಲೆಯಲ್ಲಿ ಬಗ್ಗಿ ನಿಂತು, ಮೂವತ್ತು ಸೆಕೆಂಡು ಕಣ್ಣು ಮಿಟುಕಿಸದೆ ಕಾದು, ಅವರ ಹಿಮ್ಮಡಿಗೆ ಬಿದ್ದು ಮೊಣಕೈ ತರಚಿಸಿಕೊಂಡವಳ ಹೆಸರು ಊರ ಪೇಪರಿನಲ್ಲೂ ಬರುವುದಿಲ್ಲ. ನಾನು ಎಂಟು ವರ್ಷ ಎಡಮೂಲೆಯಲ್ಲಿ ನಿಂತವಳು. ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸುವ ಇರಾದೆಯೂ ನನಗಿಲ್ಲ.

ಈಗ ರಾಣೆಬೆನ್ನೂರಿನ ಒಂದು ಪಿಯು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸುತ್ತೇನೆ. ಪ್ರತಿ ಬೇಸಿಗೆ, ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ, ಸುತ್ತಲಿನ ಹೈಸ್ಕೂಲುಗಳ ಹುಡುಗಿಯರನ್ನು ಕರೆಸಿ ನಮ್ಮ ತಂಡಕ್ಕೆ ಆರಿಸುತ್ತೇವೆ. ಆಯ್ಕೆಯಾದವಳಿಗೆ ಫೀ ಇಲ್ಲ, ಹಾಸ್ಟೆಲ್ಲಿನಲ್ಲಿ ಊಟ ವಸತಿ ಬಿಟ್ಟಿ. ರೇಡರುಗಳನ್ನು ನನ್ನ ಸಹೋದ್ಯೋಗಿಯೊಬ್ಬರು ನೋಡುತ್ತಾರೆ. ಹಿಡಿಯುವವರನ್ನು ನೋಡುವುದು ನಾನು. ಹಿಡಿಯುವವಳಿಗೆ ವರ್ಷಕ್ಕೆ ಒಂದೇ ಸೀಟು. ಅದು ಸಿಕ್ಕವಳು ಎರಡು ವರ್ಷ ಓದುತ್ತಾಳೆ. ಸಿಗದವರಲ್ಲಿ ಹೆಚ್ಚಿನವರು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯಲು ಹೋಗುತ್ತಾರೆ. ಇದು ನನಗೆ ಚೆನ್ನಾಗಿ ಗೊತ್ತು, ಗೊತ್ತಿದ್ದೇ ಈ ಕೆಲಸ ಮಾಡುತ್ತೇನೆ.

ಆ ದಿನ ಬರುವ ಜನರ ಮೇಲೆ ನನಗಿರುವ ಅಸಹ್ಯವನ್ನು ಮುಚ್ಚಿಡುವುದಿಲ್ಲ. ಅಪ್ಪಂದಿರು ಮೊಬೈಲ್ ಹಿಡಿದುಕೊಂಡು ಬರುತ್ತಾರೆ. ಮಗಳು ಹಿಡಿದ ಹಿಡಿತವನ್ನೆಲ್ಲ ಕತ್ತರಿಸಿ ಅಂಟಿಸಿ, ಹಿಂದೆ ಸಿನಿಮಾ ಹಾಡು ಹಾಕಿ ವಿಡಿಯೋ ಮಾಡಿಸಿರುತ್ತಾರೆ. ಮೋಟೆಬೆನ್ನೂರಿನ ಒಬ್ಬ ಅಪ್ಪ ಅದೇ ವಿಡಿಯೋವನ್ನು ನನಗೆ ನಾಲ್ಕು ಸಲ ತೋರಿಸಿದ. ಐದನೆಯ ಸಲಕ್ಕೆ, "ಹಿಡಿತ ಬಿಟ್ಟುಹೋಗಿದ್ದೂ ಕಟ್ ಮಾಡದ ಇಟ್ಟಿದ್ರ ತೋರಸ್ರಿ, ನೋಡ್ತೇನಿ" ಅಂದೆ. ಮುಖ ಸಣ್ಣದು ಮಾಡಿಕೊಂಡು ಹೋದ. ಪಿಟಿ ಮಾಸ್ತರರು ಇನ್ನೂ ಕಡೆ. ತಮ್ಮ ಶಾಲೆಯ ಹುಡುಗಿಯ ಭುಜ ತಟ್ಟಿ, ದನದ ಸಂತೆಯಲ್ಲಿ ಹೋರಿಯ ಬೆನ್ನು ತಟ್ಟಿ ತೋರಿಸುವ ದಲ್ಲಾಳಿಯ ಹಾಗೆ, "ಹ್ಯಾಂಗ ಐತಿ ನೋಡ್ರಿ ಮೈಕಟ್ಟು" ಎನ್ನುತ್ತಾರೆ.

ಇವರಿಂದೆಲ್ಲ ತಪ್ಪಿಸಿಕೊಳ್ಳಲು ನಾನು ಎರಡು ಕಟ್ಟಳೆ ಮಾಡಿಕೊಂಡಿದ್ದೆ. ಒಂದು, ನಾನು ಮುಖ ನೋಡುವುದಿಲ್ಲ. ಮುಖ ನೋಡಿದರೆ ಮನಸ್ಸು ಕರಗುತ್ತದೆ, ಕರಗಿದ ಕೈ ತಪ್ಪು ಅಂಕ ಬರೆಯುತ್ತದೆ. ನಾನು ನೋಡುವುದು ಪಾದ. ರೇಡರು ಎಡಕ್ಕೆ ಬಂದಂತೆ ಮಾಡಿ ಬಲಕ್ಕೆ ಹೊರಳಿದಾಗ, ಹಿಡಿಯುವವಳ ಹೆಬ್ಬೆರಳು ಎತ್ತ ತಿರುಗುತ್ತದೆ ಎಂಬುದರಲ್ಲೇ ಎಲ್ಲ ತಿಳಿಯುತ್ತದೆ. ಎರಡನೆಯದು, ಪಟ್ಟಿ ಅದೇ ದಿನ ಸೂರ್ಯ ಮುಳುಗುವುದರೊಳಗೆ ಗೋಡೆಗೆ ಅಂಟಬೇಕು, ಅಂಟಿದ ಮೇಲೆ ಯಾರು ಫೋನು ಮಾಡಿದರೂ ಬದಲಾಗಬಾರದು. ಮರುದಿನಕ್ಕೆ ಬಿಟ್ಟರೆ ಶಿಫಾರಸು ಶುರುವಾಗುತ್ತದೆ. ಹಿಂದಿನ ವರ್ಷ ನಮ್ಮ ಪ್ರಾಂಶುಪಾಲರೇ ತಮ್ಮ ಷಡ್ಡಕನ ಮಗಳಿಗಾಗಿ ಕೇಳಿದ್ದರು. "ಪಟ್ಟಿ ಹತ್ತೇತ್ರಿ ಸರ್, ಇನ್ನ ದೇವರು ಬಂದ್ರೂ ಬದಲಾಗಂಗಿಲ್ಲ" ಎಂದು ಸಿಬ್ಬಂದಿಯ ಎದುರಿಗೇ ಹೇಳಿ ಕಳಿಸಿದ್ದೆ. ಆ ದಿನ ಮನೆಗೆ ಹೋಗಿ ಖುಷಿಯಿಂದ ಎರಡು ರೊಟ್ಟಿ ಹೆಚ್ಚು ತಿಂದೆ.

ಈ ಸಲ ಹನ್ನೊಂದು ಹುಡುಗಿಯರು ಬಂದಿದ್ದರು. ಬಾಗಿಲ ಬಳಿ ತೂಕದ ಯಂತ್ರ ಇಟ್ಟು, ಹಿರಿಯ ವಿದ್ಯಾರ್ಥಿನಿಯೊಬ್ಬಳು, ಶಾಲೆಗಳಿಗೆ ಮೊದಲೇ ಕಳಿಸಿದ್ದ ಫಾರಂ ತುಂಬುತ್ತಿದ್ದಳು. ಎತ್ತರ, ತೂಕ ಎಂಬ ಎರಡು ಅಂಕಣಗಳು ಆ ಫಾರಂನಲ್ಲಿ ಯಾವ ಕಾಲದಿಂದಲೋ ಇವೆ. ಅವನ್ನು ನಾನು ಓದುವುದಿಲ್ಲ, ತೆಗೆಸಿಯೂ ಇರಲಿಲ್ಲ.

ಸಾಲಿನ ಕೊನೆಯಲ್ಲಿ ಐರಣಿಯ ಹುಡುಗಿ ನಿಂತಿದ್ದಳು. ಮೇ ತಿಂಗಳ ಬಿಸಿಲು, ಅವಳ ಮೈಮೇಲೆ ಕಂದು ಬಣ್ಣದ ಸ್ವೆಟರು. ನನಗೆ ರೇಗಿತು.

"ಏನವಾ, ಜ್ವರ ಬಂದೈತೇನು? ತಗೀ ಅದನ್ನ."

ತೆಗೆದು ಪಕ್ಕದ ಕಲ್ಲಿನ ಮೇಲಿಟ್ಟಳು. ನಾನು ಆಗಲೇ ಅವಳ ಪಾದ ನೋಡುತ್ತಿದ್ದೆ. ಅಗಲವಾದ ಪಾದ, ಬೆರಳುಗಳು ಒಂದಕ್ಕೊಂದು ಅಂಟಿರಲಿಲ್ಲ. ಹೊಳೆಯ ಉಸುಕಿನಲ್ಲಿ ಓಡಿ ಬೆಳೆದವರಿಗೆ ಅಂಥ ಪಾದವಿರುತ್ತದೆ.

ಒಬ್ಬೊಬ್ಬಳಿಗೂ ಮೂರು ರೇಡು. ನಮ್ಮ ಕಾಲೇಜಿನ ಗಟ್ಟಿ ರೇಡರೊಬ್ಬಳನ್ನು ಎದುರಿಗೆ ಬಿಡುತ್ತೇನೆ. ಮೊದಲ ರೇಡಿನಲ್ಲಿ ಐರಣಿಯವಳು ಹಿಡಿದ ಹಿಡಿತ ನೋಡಿ ನನ್ನ ಬೆನ್ನ ಮೇಲೆ ಮುಳ್ಳೆದ್ದಿತು. ಪಾದ ಮೊದಲೇ ತಿರುಗಿತ್ತು, ಕೈ ಆಮೇಲೆ ಹೋಯಿತು, ನಮ್ಮ ರೇಡರು ದೊಪ್ಪನೆ ಬಿದ್ದಳು. ಎರಡನೆಯದರಲ್ಲೂ ಹಿಮ್ಮಡಿ ಸಿಕ್ಕಿತು, ಆದರೆ ಹಿಡಿದುಕೊಂಡೇ ಇದ್ದ ಅವಳನ್ನು ನಮ್ಮ ರೇಡರು ಗೆರೆಯವರೆಗೆ ಎಳೆದುಕೊಂಡು ಹೋದಳು. ಮೂರನೆಯದಕ್ಕೆ ಏಳುವುದೇ ತಡವಾಯಿತು. ಎದ್ದು, ಮೊಣಕಾಲ ಮೇಲೆ ಕೈಯಿಟ್ಟು ನಿಂತಳು. ರೇಡರು ಹತ್ತಿರ ಬರುವ ಮೊದಲೇ ನೆಲಕ್ಕೆ ಕೂತುಬಿಟ್ಟಳು.

"ಹಿಡಿತ ಚಲೋ. ದಮ್ಮಿಲ್ಲ" ಎಂದು ಬರೆದೆ. ಮೂರು ನಿಮಿಷಕ್ಕೆ ಕೂತುಬಿಡುವವಳನ್ನು ಮೂವತ್ತು ನಿಮಿಷದ ಆಟಕ್ಕೆ ಹೇಗೆ ಇಳಿಸಲಿ? ಸೀಟನ್ನು ಬ್ಯಾಡಗಿ ಕಡೆಯ ಹುಡುಗಿಯೊಬ್ಬಳಿಗೆ ಕೊಟ್ಟೆ. ಅವಳು ಕೆಟ್ಟವಳೇನಲ್ಲ, ಮೂರಕ್ಕೆ ಎರಡು ಹಿಡಿದಳು, ಎಲ್ಲವನ್ನೂ ಹೇಳಿಕೊಟ್ಟ ಹಾಗೆ ಮಾಡಿದಳು. ಐದು ಗಂಟೆಗೆ ಪಟ್ಟಿ ಅಂಟಿಸಿ, ಕೆಳಗೆ ನನ್ನ ಕೈಬರಹದಲ್ಲಿ ಯಾವತ್ತಿನ ಸಾಲು ಬರೆದೆ: ಈ ಪಟ್ಟಿ ಯಾವ ಕಾರಣಕ್ಕೂ ಬದಲಾಗುವುದಿಲ್ಲ.

ಹಾವೇರಿಯ ಮನೆಗೆ ಹೋಗಲು ಬಸ್‌ಸ್ಟ್ಯಾಂಡಿಗೆ ಬಂದರೆ, ಮಿರ್ಚಿ ಮಂಡಕ್ಕಿ ಗಾಡಿಯ ಪಕ್ಕದ ಕಟ್ಟೆಯ ಮೇಲೆ ಅದೇ ಹುಡುಗಿ ಕೂತಿದ್ದಳು. ನನಗೆ ಗುರುತು ಸಿಕ್ಕಿದ್ದು ಅವಳ ಪಾದದಿಂದ, ಆಮೇಲೆ ಮಡಿಲಲ್ಲಿದ್ದ ಸ್ವೆಟರಿನಿಂದ. ತಲೆ ಬಗ್ಗಿಸಿ ಮಂಡಕ್ಕಿ ತಿನ್ನುತ್ತಿದ್ದಳು. ಅವಳ ಪಕ್ಕ ಎರಡು ಖಾಲಿ ಪೊಟ್ಟಣ ಬಿದ್ದಿದ್ದವು, ಕೈಯಲ್ಲಿದ್ದದ್ದು ಮೂರನೆಯದು. ಜೊತೆಗಿದ್ದ ತಾಯಿ ನನ್ನನ್ನು ನೋಡಿ ಎದ್ದು ನಿಂತಳು.

ನಾನು ನಗುತ್ತಲೇ ಅಂದೆ, "ಇಷ್ಟ ತಿಂತಾಳ, ದಮ್ಮ ಯಾಕ ಇಲ್ರಿ ನಿಮ್ಮ ಮಗಳಿಗೆ?"

"ಮೂರು ದಿನದಿಂದ ಅನ್ನ ಮುಟ್ಟಿಲ್ರಿ ಮೇಡಮ್ಮರ," ಎಂದಳು ಆಕೆ. "ನಿಮ್ಮ ಫಾರಂನ್ಯಾಗ ತೂಕ ಅಂತ ಇತ್ತಲ್ರಿ. ಇಳಿಸಬೇಕು ಅಂದ್ರು ಸಾಲಿ ಸರ್. ನಾನs ಸಾಲ್ಯಾಗ ಬಿಸಿಯೂಟ ಮಾಡಾಕಿ. ವರ್ಷಪೂರ್ತಿ ಇಡೀ ಸಾಲಿಗೆ ಬಡಿಸೀನಿ, ಈ ಮೂರು ದಿನ ಇಕಿಗೆ ಬಡಿಸಿಲ್ರಿ."

ಇದನ್ನು ಓದುವವರಲ್ಲಿ ಕಬಡ್ಡಿ ಗೊತ್ತಿಲ್ಲದವರಿಗೆ ಹೇಳಬೇಕು. ಹೈಸ್ಕೂಲು ಪಂದ್ಯಗಳಲ್ಲಿ ತೂಕಕ್ಕೆ ಒಂದು ಮಿತಿ ಇದೆ. ಅದಕ್ಕಿಂತ ಕಾಲು ಕೆಜಿ ಹೆಚ್ಚಾದರೂ ಆಡಲು ಬಿಡುವುದಿಲ್ಲ. ರೇಡರುಗಳು ಸಣ್ಣಗಿರುತ್ತಾರೆ, ಅವರಿಗೆ ತೊಂದರೆಯಿಲ್ಲ. ಸಾಯುವವರು ದೊಡ್ಡ ಮೂಳೆಯ ಹಿಡಿಯುವವರು. ಪಂದ್ಯಕ್ಕೆ ಮೂರು ದಿನ ಮೊದಲು ನಮ್ಮ ಕಡೆಯ ಪಿಟಿ ಮಾಸ್ತರರು ಅವರ ಊಟ ನಿಲ್ಲಿಸುತ್ತಾರೆ. ಬಿಸಿಲಲ್ಲಿ ಸ್ವೆಟರು ಹಾಕಿಸಿ ಓಡಿಸುತ್ತಾರೆ, ಹುಣಸೆಹಣ್ಣು ಚೀಪಿಸಿ ಉಗುಳಿಸುತ್ತಾರೆ. ಉಗುಳಿದಷ್ಟೂ ತೂಕ ಇಳಿಯುತ್ತದೆ ಎಂಬುದು ಅವರ ಶಾಸ್ತ್ರ. ನಮ್ಮ ಆಯ್ಕೆಗೆ ಅಂಥ ಮಿತಿಯೇ ಇಲ್ಲ. ಹಿಡಿಯುವವಳು ಭಾರವಿದ್ದಷ್ಟೂ ನನಗೆ ಒಳ್ಳೆಯದು. ಆದರೆ ತೂಕದ ಯಂತ್ರ ಎಂದರೆ ಉಪವಾಸ ಎಂದೇ ಕಲಿತ ಮಾಸ್ತರರಿಗೆ ಅದು ಗೊತ್ತಿರಲಿಲ್ಲ. ನಾವು ಯಾರೂ ಹೇಳಿರಲೂ ಇಲ್ಲ.

ನನಗೆ ಗೊತ್ತಿತ್ತು. ನಮ್ಮೂರು ಕರ್ಜಗಿಯಿಂದ ಬಸ್ಸಿಗೆ ಬಂದು ಹಾವೇರಿಯ ಮೈದಾನದಲ್ಲಿ, ನನ್ನದೊಂದು ಅಣ್ಣನದೊಂದು ಎರಡು ಸ್ವೆಟರು ಹಾಕಿಕೊಂಡು ಸುತ್ತು ಹೊಡೆದವಳು ನಾನೇ. ಬಾಯಿ ಹುಣ್ಣಾಗುವವರೆಗೆ ಹುಣಸೆಹಣ್ಣು ಚೀಪಿದವಳೂ ನಾನೇ. ತುಟಿಯ ಮೂಲೆಯಲ್ಲಿ ಬಿಳಿ ಕಟ್ಟುತ್ತದೆ, ಕಣ್ಣು ಒಳಗೆ ಹೋಗುತ್ತದೆ. ಒಮ್ಮೆ ಅವಳ ಮುಖ ನೋಡಿದ್ದರೆ ಸಾಕಿತ್ತು. ಮೇ ತಿಂಗಳ ಸ್ವೆಟರನ್ನು ಕಣ್ಣಾರೆ ಕಂಡು, ಗದರಿಸಿ, ತೆಗೆಸಿದೆ. ಆದರೂ ಹೊಳೆಯಲಿಲ್ಲ.

"ಸೀಟ್ ಸಿಕ್ಕಿದ್ರ ಓದಸ್ತಿದ್ವಿ," ಎಂದಳು ತಾಯಿ. "ಇನ್ನ ಬ್ಯಾಡಗಿಯೊಳಗ ನಮ್ಮಕ್ಕನ ಮನ್ಯಾಗ ಬಿಡ್ತೀವ್ರಿ. ಮೆಣಸಿನಕಾಯಿ ತೊಟ್ಟು ಮುರಿಯಾಕ ಹೋಗ್ತಾಳ. ಬರೂ ಸೋಮವಾರ ಹೋಗೂದೈತಿ."

ಹುಡುಗಿ ತಲೆ ಎತ್ತಲಿಲ್ಲ. ಮಂಡಕ್ಕಿ ತಿನ್ನುತ್ತಲೇ ಇದ್ದಳು.

ಮರುದಿನ ಬೆಳಿಗ್ಗೆ ಪ್ರಾಂಶುಪಾಲರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಇನ್ನೊಂದು ಸಲ ನೋಡೋಣ, ಇಲ್ಲವೇ ಒಂದು ಸೀಟು ಹೆಚ್ಚು ಕೇಳೋಣ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು, ಒರೆಸುತ್ತಲೇ ಇದ್ದರು. ಆ ಮನುಷ್ಯ ಈ ದಿನಕ್ಕಾಗಿ ಒಂದು ವರ್ಷ ಕಾದಿದ್ದರು.

"ಪಟ್ಟಿ ಹತ್ತೇತಲ್ರಿ ಮೇಡಮ್? ಹತ್ತಿದ್ಮ್ಯಾಲ ದೇವರು ಬಂದ್ರೂ ಬದಲಾಗಂಗಿಲ್ಲ ಅಂತ ಯಾರೋ ಹೇಳಿದ್ರಪಾ."

"ಇದು ಶಿಫಾರಸಲ್ರಿ ಸರ್. ತಪ್ಪಾಗೇತಿ."

"ನಮ್ಮ ಷಡ್ಡಕನೂ ಹಂಗs ಅಂದಿದ್ದ," ಎಂದು ಕನ್ನಡಕ ಹಾಕಿಕೊಂಡರು.

ನನಗೆ ಅವರ ಮೇಜು ಬುಡಮೇಲು ಮಾಡಬೇಕೆನ್ನಿಸಿತು. ಮಾಡಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ಹೊರಗೆ ಬಂದು, ಆ ಸಿಟ್ಟನ್ನೆಲ್ಲ ಐರಣಿಯ ಹುಡುಗಿಯ ಪಿಟಿ ಮಾಸ್ತರನ ಮೇಲೆ ಫೋನಿನಲ್ಲಿ ಸುರಿದೆ. ನೀವು ಮಾಸ್ತರರೋ ಕಟುಕರೋ ಎಂದೆ. ಆತ ಸಮಾಧಾನದಿಂದ ಕೇಳಿಸಿಕೊಂಡ.

"ಮೇಡಮ್, ಮೊದಲನೇ ರೇಡ್ ನೋಡಿದ್ರಲ್ರಿ? ಮೂರು ದಿನ ಉಪವಾಸ ಇದ್ದು ಹಂಗ ಹಿಡಿದಳು. ಅದು ನಿಮಗ ಸಾಲಲಿಲ್ಲೇನ್ರಿ?"

ಫೋನು ಇಟ್ಟೆ.

ಭಾನುವಾರ ಐರಣಿಗೆ ಹೋದೆ. ಯಾಕೆ ಹೋದೆ ಎಂದರೆ ಕ್ಷಮೆಗೆ. ಕೊಡಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. "ಹೋಗ್ಲಿ ಬಿಡ್ರಿ ಮೇಡಮ್" ಎಂದು ಆ ಹುಡುಗಿ ಒಂದು ಮಾತು ಅಂದರೆ ನನ್ನ ಊಟ ಗಂಟಲಲ್ಲಿ ಇಳಿಯುತ್ತದೆ, ಅಷ್ಟೇ ನನ್ನ ಲೆಕ್ಕಾಚಾರ. ಇಂಥ ಸ್ವಾರ್ಥಕ್ಕೆ ಎರಡು ಬಸ್ಸು ಬದಲಿಸಿ ಹೋದವಳು ನಾನು.

ಅಂಗಳದಲ್ಲಿ ಅವಳ ಬಟ್ಟೆಯ ಚೀಲ ಕಟ್ಟಿ ಇಟ್ಟಿತ್ತು. ತಾಯಿ ಚಾಪೆ ಹಾಸಿ, "ಕುಂದ್ರಿ, ಚಾ ಮಾಡ್ತೀನಿ" ಎಂದು ಒಳಗೆ ಹೋದಳು. ಹುಡುಗಿ ಕಂಬಕ್ಕೆ ಒರಗಿ ನಿಂತಿದ್ದಳು.

"ನನ್ನಿಂದ ತಪ್ಪಾತವಾ," ಎಂದೆ.

"ಊಟ ಆಗೇತ್ರಿ ನಂದು," ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳು ಅಂಗಳಕ್ಕಿಳಿದು ಹೆಬ್ಬೆರಳಿನಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದಳು. ಹಿಂದೆ ಸರಿದು ಎಡಮೂಲೆಯಲ್ಲಿ ಬಗ್ಗಿ ನಿಂತಳು.

"ಬರ್ರಿ ರೇಡಿಗೆ. ಹೊಟ್ಟಿತುಂಬ ಉಂಡೇನಿ. ಈಗ ನೋಡ್ರಿ ದಮ್ಮ ಐತೋ ಇಲ್ಲೋ."

ನಲವತ್ತಾರು ವರ್ಷ ನನಗೆ, ಬಲ ಮೊಣಕಾಲು ಮಡಚುವಾಗ ಕಟ್ ಎನ್ನುತ್ತದೆ. ಜೀವನದಲ್ಲಿ ರೇಡು ಮಾಡಿದವಳಲ್ಲ, ಮಾಡುವವರನ್ನು ಬೈದವಳು. ಚಪ್ಪಲಿ ಬಿಟ್ಟೆ, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. ಕಬಡ್ಡಿ ಕಬಡ್ಡಿ ಎನ್ನುತ್ತ ಗೆರೆ ದಾಟಿದೆ. ಎಡಕ್ಕೆ ಹೋದಂತೆ ಮಾಡಿ ಬಲಕ್ಕೆ ಹೊರಳಿದೆ. ಅವಳ ಹೆಬ್ಬೆರಳು ನನಗಿಂತ ಮೊದಲೇ ಹೊರಳಿತ್ತು. ಹಿಮ್ಮಡಿಗೆ ಇಕ್ಕಳ ಬಿದ್ದಂತಾಯಿತು. ಅಂಗಳಕ್ಕೆ ಅಂಗಾತ ಬಿದ್ದೆ. ಎಳೆದೆ, ಒದ್ದೆ, ಕೈಚಾಚಿ ಗೆರೆಗೆ ತಡಕಾಡಿದೆ. ಒಂದು ಗೇಣು ಅಲುಗಲಿಲ್ಲ. ಉಸಿರು ಮುಗಿದು ನನ್ನ ಬಾಯಿ ನಿಂತಿತು.

ಆಟದ ನಿಯಮದ ಪ್ರಕಾರ ಅಲ್ಲಿಗೆ ಬಿಡಬೇಕು. ಅವಳು ಬಿಡಲಿಲ್ಲ. ಕತ್ತು ಎತ್ತಿ ನೋಡಿದೆ. ಅವಳ ಮುಖವನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ಗುಂಡು ಮುಖ, ಹುಬ್ಬಿನ ಮೇಲೊಂದು ಹಳೆಯ ಗಾಯದ ಗುರುತು, ಕಣ್ಣ ತುಂಬ ನೀರು.

"ಬರೀರಿ," ಎಂದಳು. "ಈಗ ಬರೀರಿ ಮೇಡಮ್."

ತಾಯಿ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಮಣ್ಣಿನಲ್ಲಿ ಬಿದ್ದುಕೊಂಡು, ಕಾಲೇಜಿನ ಗೋಡೆಯ ಮೇಲಿನ ಪಟ್ಟಿಯನ್ನೂ ಅದರ ಕೆಳಗಿನ ನನ್ನ ಕೈಬರಹವನ್ನೂ ನೆನೆದೆ. ಹುಡುಗಿ ನನ್ನ ಕಾಲು ಹಿಡಿದೇ ಇದ್ದಳು, ನಾನು ಏನೂ ಬರೆಯುವುದಿಲ್ಲ ಎಂದು ಅವಳಿಗೆ ತಿಳಿಯುವವರೆಗೆ.