ಕೊಂದವನ ಕೈ

ಚೊಳಚಗುಡ್ಡದ ಆ ಅಜ್ಜ ನಾಟಕ ಕಂಪನಿಗಳಲ್ಲಿ ಬದುಕಿಡೀ ಖಳನ ಪಾತ್ರ ಮಾಡಿದವರು. ಏನು ಕೇಳಿದರೂ ಮೊದಲ ಮಾತು, "ಸಾಕಾಗೇತಿ ತಮ್ಮಾ."

ಎಂಬತ್ತರ ದಶಕದಲ್ಲಿ ಬಾಗಲಕೋಟೆಯ ಕಾಲೇಜು ಹುಡುಗರಾದ ನಾವು ಮೂವರು ಒಂದು ಕೊಲೆಯ ಸಿನಿಮಾ ಮಾಡಲು ಹೊರಟಿದ್ದೆವು. ಮದುವೆ ವಿಡಿಯೋ ತೆಗೆಯುವವನು ಕ್ಯಾಮೆರಾ ಕೊಡಲು ಒಪ್ಪಿದ್ದ. ಕೊಲೆಗಾರ ಮಾತ್ರ ಸಿಕ್ಕಿರಲಿಲ್ಲ. ಅವನನ್ನು ಹುಡುಕಿಕೊಂಡೇ ಅಜ್ಜನ ಮನೆಯ ಕಟ್ಟೆಗೆ ಬಂದಿದ್ದೆವು.

ಬಾದಾಮಿಯ ಗುಡ್ಡದಲ್ಲಿ ವಿದ್ಯಾರ್ಥಿಯೊಬ್ಬ ಸಾಯುವ ನಮ್ಮ ಕತೆಯನ್ನು ಅಜ್ಜ ಕಣ್ಣು ಮುಚ್ಚಿಕೊಂಡೇ ಕೇಳಿದರು. ನಿದ್ದೆ ಹೋದರೇನೋ ಅಂದುಕೊಳ್ಳುವಷ್ಟರಲ್ಲಿ, "ಸತ್ತಾಂವನ್ನ ಎಬ್ಬಸಾವ್ರು ಯಾರು?" ಎಂದರು.

"ಸತ್ತಾಂವ ಹೆಂಗ ಏಳ್ತಾನ್ರಿ ಅಜ್ಜಾರ?"

"ಪರದೆ ಬಿದ್ದಮ್ಯಾಲೆ ಕೊಂದಾಂವನೇ ಕೈ ಕೊಟ್ಟು ಎಬ್ಬಸಬೇಕು. ನಮ್ಮ ಕಂಪನಿಯೊಳಗ ಅದು ಪದ್ಧತಿ. ಇಲ್ಲಂದ್ರ ಇಬ್ಬರಿಗೂ ಊಟ ಒಳಗ ಇಳಿಯೂದಿಲ್ಲ."

ಒಮ್ಮೆ ಮಾಡಿ ತೋರಿಸಿರೆಂದು ಗೋಗರೆದೆವು. ನಿಟ್ಟುಸಿರು ಬಿಡುತ್ತ ಎದ್ದ ಅಜ್ಜ, ಹೆಗಲ ಮೇಲಿನ ಟವೆಲನ್ನು ನನ್ನ ಕೊರಳಿಗೆ ಸುತ್ತಿದರು. ಆ ದಣಿದ ಕಣ್ಣುಗಳಲ್ಲಿ ಸಿಟ್ಟೇ ಇರಲಿಲ್ಲ. ಅದಕ್ಕೇ ನನಗೆ ನಿಜವಾಗಿ ಹೆದರಿಕೆಯಾಯಿತು. ನಾನು ಕಟ್ಟೆಯ ಮೇಲೆ ಕುಸಿದೆ. ಅವರೂ ನನ್ನ ಜೊತೆಗೇ ಮಂಡಿಯೂರಿದರು. ಗೆಳೆಯರು ಚಪ್ಪಾಳೆ ತಟ್ಟಿದರು.

ಪದ್ಧತಿಯಂತೆ ಅಜ್ಜ ಕೈ ಚಾಚಿದರು. ನಾನು ಹಿಡಿದುಕೊಂಡೆ. ಆದರೆ ಅವರು ಎಳೆಯಲೂ ಇಲ್ಲ, ಏಳಲೂ ಇಲ್ಲ. ಇನ್ನೊಂದು ಕೈಯನ್ನು ಕಟ್ಟೆಗೆ ಊರಿ ನೋಡಿದರು; ಮಂಡಿ ಮೇಲೇಳಲಿಲ್ಲ.

"ಸಾಕಾಗೇತಿ ತಮ್ಮಾ," ಎಂದರು ನನಗಷ್ಟೇ ಕೇಳುವಂತೆ. "ಇವತ್ತ ನೀನ ಎಬ್ಬಸು."